ತಡೆಗೋಡೆಯ ಕಲ್ಲಿನಲ್ಲಿ ಕಡಲಜೀವಿಗಳಿಗೆ ಜಾಗ

ಪ್ರಶ್ನೆ: ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿನ ಬಂದರಿನ ತಡೆಗೋಡೆಗೆ ಗೂಡುಗೂಡಾದ ಕಾಂಕ್ರೀಟ್ ಫಲಕಗಳನ್ನು ಜೋಡಿಸಿದ್ದನ್ನು ಕಂಡೆ. ಕಡಲಜೀವಿಗಳಿಗಾಗಿ ಎಂದಳು ಮಗಳು. ಇದರಿಂದ ನಿಜಕ್ಕೂ ಉಪಯೋಗವಿದೆಯೇ? ಕಡಲ್ಕೊರೆತ ತಡೆಯಲು ನಮ್ಮಲ್ಲಿ ಸುರಿದಿರುವ ಬಂಡೆಗಳಿಗೂ ಹೀಗೆ ಮಾಡಬಹುದೇ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಉಪಯೋಗ ಖಂಡಿತ ಇದೆ. ನೀವು ಕಂಡದ್ದು ಸಿಡ್ನಿ ಸಾಗರ ವಿಜ್ಞಾನ ಸಂಸ್ಥೆಯ ‘ಲಿವಿಂಗ್ ಸೀವಾಲ್ಸ್’ ಫಲಕಗಳಿರಬೇಕು. ಅವನ್ನು ಅಳವಡಿಸುವ ಕೆಲಸ 2018ರಲ್ಲಿ ಮಿಲ್ಸನ್ಸ್ ಪಾಯಿಂಟ್ ಮತ್ತು ಸಾಮಿಲ್ಲರ್ಸ್ ರಿಸರ್ವ್ ದಂಡೆಗಳಲ್ಲಿ ಶುರುವಾಯಿತು. ಆ ಬಂದರಿನ ಅರ್ಧಕ್ಕೂ ಹೆಚ್ಚು ದಂಡೆ ಈಗ ಬರೀ ಗೋಡೆ.

ಇಳಿತದ ಹೊತ್ತಿನಲ್ಲಿ ಸಹಜ ಬಂಡೆಯ ಬಿರುಕಿನಲ್ಲಿ ನೆರಳಿರುತ್ತದೆ, ಕುಳಿಯಲ್ಲಿ ನೀರು ನಿಂತಿರುತ್ತದೆ. ಏಡಿಮರಿ, ಸಿಂಪಿ, ಪಾಚಿ ಎಲ್ಲವೂ ಮುಂದಿನ ಉಬ್ಬರದವರೆಗೆ ಜೀವ ಹಿಡಿದಿರುವುದು ಅಲ್ಲೇ. ನುಣುಪಾದ ಗೋಡೆಯಲ್ಲಿ ಆ ಎರಡೂ ಇಲ್ಲ. ಬಿಸಿಲಿಗೆ ಕಾದು ಒಣಗುತ್ತದೆ. ಫಲಕದ ಗೂಡುಗಳು ಈ ಕೊರತೆಯನ್ನು ತುಂಬುತ್ತವೆ. ಇದಕ್ಕೂ ಮೊದಲು ಅದೇ ಊರಿನಲ್ಲಿ ಗೋಡೆಗೆ ಹೂಕುಂಡದಂಥ ಕಾಂಕ್ರೀಟ್ ಕುಂಡಗಳನ್ನು ಸಿಕ್ಕಿಸಿ ನೋಡಿದ್ದರು. ಅವುಗಳಲ್ಲಿ ನಿಂತ ನೀರಿಗೆ, ಪಕ್ಕದ ಬೋಳು ಗೋಡೆಯಲ್ಲಿ ಇಲ್ಲದ ಜೀವಿಗಳೂ ಬಂದು ಸೇರಿದವು.

ಬಂಡೆರಾಶಿಗೆ ಫಲಕಕ್ಕಿಂತ ಡ್ರಿಲ್ ಒಳ್ಳೆಯದು. ವೇಲ್ಸ್‌ನ ಟಾವಿನ್ ಎಂಬಲ್ಲಿ ಗ್ರಾನೈಟ್ ಬಂಡೆಗಳ ಮೇಲೆ 15 ಸೆಂ.ಮೀ. ಅಗಲದ, 5 ಮತ್ತು 12 ಸೆಂ.ಮೀ. ಆಳದ ಕುಳಿಗಳನ್ನು ಕೊರೆದರು. ಒಂದೂವರೆ ವರ್ಷದಲ್ಲಿ ಅವು ಸಮೀಪದ ಸಹಜ ಕುಳಿಗಳಷ್ಟೇ ಜೀವವೈವಿಧ್ಯ ಪಡೆದವು. ಅಟ್ಲಾಂಟಿಕ್‌ನ ಅಝೋರ್ಸ್ ದ್ವೀಪಗಳ ಪ್ರಯೋಗ ನನಗೆ ಇನ್ನೂ ಇಷ್ಟ. ಅಲ್ಲಿನ ಜನ ತಿನ್ನುವ, ಅತಿಯಾಗಿ ಕಿತ್ತು ಕಡಿಮೆಯಾಗಿದ್ದ ಲಿಂಪೆಟ್ ಎಂಬ ಚಿಪ್ಪುಜೀವಿಗಾಗಿ ತಡೆಗೋಡೆಯಲ್ಲಿ 12 ಮತ್ತು 24 ಮಿ.ಮೀ. ಅಗಲದ ತೂತುಗಳನ್ನು ಕೊರೆದರು. ಅದರ ಸಂಖ್ಯೆ ಹೆಚ್ಚಿತು.

ಇನ್ನು ಉಳ್ಳಾಲ. ಇಲ್ಲಿ ನನ್ನ ಮಾತು ಬಿಗಿಯಾಗಿಯೇ ಇರುತ್ತದೆ. ನಿಮ್ಮದು ಮರಳಿನ ಕಡಲತೀರ. ಅಲ್ಲಿ ಬಂಡೆ ಸುರಿದಾಗ ಅದರಡಿ ಹೋಗುವುದು ಮರಳಿನಲ್ಲೇ ಬದುಕುವ ಏಡಿಗಳ ಬಿಲ, ಕಡಲಾಮೆ ಮೊಟ್ಟೆಯಿಡಬಹುದಾದ ಜಾಗ. ಬಂಡೆಯಲ್ಲಿ ಎಷ್ಟೇ ಕುಳಿ ಕೊರೆದರೂ ಇವು ಮರಳಿ ಬರುವುದಿಲ್ಲ. ಬರುವುದು ಬಂಡೆಯ ಜೀವಿಗಳು. ಆದ್ದರಿಂದ ಇದು ಈಗಾಗಲೇ ಇರುವ ಗೋಡೆಗೆ ಮಾಡುವ ಉಪಚಾರವೇ ಹೊರತು ಹೊಸ ಗೋಡೆಗೆ ಪರವಾನಗಿಯಲ್ಲ. ‘ಪರಿಸರಸ್ನೇಹಿ ತಡೆಗೋಡೆ’ ಎಂದು ಯಾರಾದರೂ ಹೊಸದನ್ನು ತಂದರೆ, ಗೋಡೆಯೇ ಬೇಕೇ ಎಂದು ಮೊದಲು ಕೇಳಿ.

ತೆರೆದ ಕಡಲಿಗೆ ಮುಖಮಾಡಿದ ಬಂಡೆಗಳಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದ ಅಲೆ ತರುವ ಮರಳು ಕುಳಿಗಳನ್ನು ತುಂಬಿಬಿಡುತ್ತದೆ, ಅಂಟಿಕೊಂಡದ್ದನ್ನು ಉಜ್ಜಿ ತೆಗೆಯುತ್ತದೆ. ಪ್ರಯೋಗ ಮಾಡುವುದಾದರೆ ನೇತ್ರಾವತಿ ಅಳಿವೆಬಾಗಿಲಿನಲ್ಲಿ ಅಲೆ ತಡೆಯಲು ಕಟ್ಟಿರುವ ಬ್ರೇಕ್‌ವಾಟರ್‌ನ ಒಳಬದಿ ಮೇಲು. ಅಲ್ಲಿ ಮಳೆಗಾಲದಲ್ಲಿ ಉಪ್ಪಿನಂಶ ತೀರಾ ಇಳಿಯುವುದರಿಂದ ಸಿಂಪಿಯಂಥ ಗಟ್ಟಿ ಜೀವಿಗಳೇ ಹೆಚ್ಚು ಉಳಿದಾವು. ಕುಳಿಗಳನ್ನು ಬೇರೆ ಬೇರೆ ಆಳದಲ್ಲಿ ಕೊರೆಯಬೇಕು, ಪಕ್ಕದಲ್ಲಿ ಕೊರೆಯದ ಬಂಡೆಗಳನ್ನೂ ಹೋಲಿಕೆಗೆ ಬಿಡಬೇಕು. ಬಂದರು ಇಲಾಖೆಯ ಎಂಜಿನಿಯರ್ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಮುಟ್ಟಬಾರದು.