ಇಪ್ಪತ್ತು ಗಿಡ, ವರ್ಷವಿಡೀ ಹೂವು

ಬೆಂಗಳೂರಿನ ನಿಮ್ಮ ಬಡಾವಣೆಯ ಪಾರ್ಕಿಗೆ ಇಪ್ಪತ್ತೂ ಗುಲ್‌ಮೊಹರ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಕಣ್ಣು ತುಂಬುತ್ತದೆ ನಿಜ. ಆಮೇಲೆ ಬಣ್ಣವೇ ಇರುವುದಿಲ್ಲ. ಕೊಂಬೆಗಳೂ ಗಟ್ಟಿಯಿಲ್ಲ, ಗಾಳಿಮಳೆಗೆ ಮುರಿಯುತ್ತವೆ.

1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಇದಕ್ಕೆ ಚೆಂದದ ದಾರಿ ತೋರಿಸಿದ್ದಾರೆ. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳಬೇಕು, ಹಾಗೆ ಮರಗಳನ್ನು ಆರಿಸುವುದು. ಊರಿನ ಹಳೇ ರಸ್ತೆಗಳಲ್ಲಿ ಇವತ್ತಿಗೂ ಅದನ್ನು ನೋಡಬಹುದು.

ನಿಮ್ಮ ಪಾರ್ಕಿಗೆ ಹೀಗೆ ಮಾಡಿ ನೋಡಿ. ಚಳಿಗಾಲಕ್ಕೆ ಗುಲಾಬಿ ಟಬೂಬಿಯಾ. ಫೆಬ್ರವರಿ, ಮಾರ್ಚ್‌ಗೆ ಹಳದಿ ಟಬೂಬಿಯಾ, ಜಕರಂಡಾ. ಬೇಸಿಗೆಗೆ ಕಕ್ಕೆ, ಹೊಳೆದಾಸವಾಳ. ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆ, ಅದರ ಪರಿಮಳಕ್ಕೆ ಸಾಟಿಯೇ ಇಲ್ಲ! ಆದರೆ ಅದೂ ಮುರಿಯುವ ಮರ, ಕೂರುವ ಬೆಂಚಿನಿಂದ ದೂರ ಇರಲಿ. ಒಂದು ಗುಲ್‌ಮೊಹರ್ ಮೂಲೆಯಲ್ಲಿ ಇರಲಿ ಬಿಡಿ, ಆಸೆಪಟ್ಟಿದ್ದೀರಲ್ವಾ.

ಒಂದೊಂದನ್ನೇ ಚೆಲ್ಲಾಪಿಲ್ಲಿ ನೆಡಬೇಡಿ. ಒಂದೇ ಜಾತಿಯ ಮೂರು ನಾಲ್ಕು ಒಟ್ಟಿಗಿದ್ದರೆ ಹೂ ಬಿಟ್ಟಾಗ ಎದ್ದು ಕಾಣುತ್ತದೆ. ಬೆಂಚಿನ ಪಡುವಣಕ್ಕೆ ಮಾತ್ರ ಒಂದೆರಡು ಹೊಂಗೆ ಇರಲೇಬೇಕು. ಸಂಜೆ ಬಿಸಿಲಿಗೆ ಅದರ ನೆರಳು ತುಂಬಾ ತಂಪು. ಗುಂಡಿ ತೋಡುವ ಮುಂಚೆ ಮೇಲೆ ಕರೆಂಟ್ ತಂತಿ, ಕೆಳಗೆ ನೀರಿನ ಪೈಪು ಇದೆಯಾ ಅಂತ ನೋಡಿಕೊಳ್ಳಿ.