ಒಂದೇ ಸ್ಕ್ರಿಪ್ಟ್, ಕೆಲವು ಫೋಟೋಗಳು ಮಾತ್ರ ಅಡ್ಡ ಬೀಳುವುದೇಕೆ?

ಪೈಥಾನ್‌ನಲ್ಲಿ ಚಿತ್ರಗಳ ಕೆಲಸಕ್ಕಿರುವ ಪಿಲ್ಲೋ ಲೈಬ್ರರಿ ಬಳಸಿ ಫೋಟೋಗಳನ್ನು ಕುಗ್ಗಿಸಿದಾಗ ಕೆಲವು ಮಾತ್ರ ಅಡ್ಡ ಬೀಳುತ್ತಿದ್ದರೆ, ತಪ್ಪು ನಿಮ್ಮ ಲೆಕ್ಕಾಚಾರದ್ದಲ್ಲ; ಕಡತಗಳೇ ಒಂದೇ ಬಗೆಯವಲ್ಲ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದರೂ ಎಷ್ಟೋ ಕ್ಯಾಮೆರಾಗಳು ಪಿಕ್ಸೆಲ್‌ಗಳನ್ನು ಅಡ್ಡಲಾಗಿಯೇ ಬರೆದು, ತೋರಿಸುವಾಗ ಹೇಗೆ ತಿರುಗಿಸಬೇಕೆಂಬುದನ್ನು ಎಕ್ಸಿಫ್ ಮಾಹಿತಿಯಲ್ಲಿ (ಕ್ಯಾಮೆರಾ ಫೋಟೋ ಕಡತದೊಳಗೇ ಬರೆದಿಡುವ ವಿವರಗಳು) 1ರಿಂದ 8ರವರೆಗಿನ ಒಂದು ಅಂಕಿಯಾಗಿ ಇಡುತ್ತವೆ. 6 ಎಂದರೆ ಗಡಿಯಾರದ ದಿಕ್ಕಿನಲ್ಲಿ 90 ಡಿಗ್ರಿ. ಫೋಟೋ ನೋಡುವ ತಂತ್ರಾಂಶ ಇದನ್ನು ಪಾಲಿಸುತ್ತದೆ. ನಿಮ್ಮ ಸ್ಕ್ರಿಪ್ಟ್ ಪಾಲಿಸುವುದಿಲ್ಲ, ಉಳಿಸುವಾಗ ಆ ಅಂಕಿಯನ್ನೂ ಕಳೆದುಬಿಡುತ್ತದೆ.

ಚಿತ್ರವನ್ನು ತೆರೆದ ಕೂಡಲೇ, ಅಳತೆ ಮುಟ್ಟುವ ಮೊದಲು, ಆ ಅಂಕಿಯಂತೆ ಚಿತ್ರವನ್ನು ತಿರುಗಿಸುವ ಎಕ್ಸಿಫ್ ಟ್ರಾನ್ಸ್‌ಪೋಸ್ (exif_transpose) ಫಂಕ್ಷನ್ ಬಳಸಿ; ಅದು ಪಿಲ್ಲೋದ ಇಮೇಜ್‌ಆಪ್ಸ್ (ImageOps) ಭಾಗದಲ್ಲಿದೆ. ಅದು ಸಾಮಾನ್ಯವಾಗಿ ಮೂಲವನ್ನು ಬದಲಿಸದೆ ಹೊಸ ಚಿತ್ರವನ್ನು ಕೊಡುತ್ತದೆ. ಆ ಹೊಸ ಚಿತ್ರವನ್ನು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳದೆ ನಾನೇ ಒಂದು ಸಂಜೆ ವ್ಯರ್ಥ ಮಾಡಿದ್ದೇನೆ. ಬಣ್ಣವೂ ಕೆಲವದರಲ್ಲಿ ಮಾತ್ರ ಬದಲಾಗುತ್ತಿದ್ದರೆ ಐಸಿಸಿ ಪ್ರೊಫೈಲ್ (ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ಹೇಳುವ, ಕಡತದೊಳಗಿನ ಮಾಹಿತಿ) ಉಳಿಯುತ್ತಿದೆಯೇ ನೋಡಿ.