ಓದುಗರ ಪ್ರಶ್ನೆಗಳು: ಮೂಲೆ ಸೇರಿದ ಗೇಮ್‌ಪ್ಯಾಡಿನಿಂದ ವಿಮಾನ ಹಾರಿಸಬಹುದೇ?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡಿದ್ದೇನೆ. ಯೋಕ್ (ಪೈಲಟ್ ಕೈಯಲ್ಲಿ ಹಿಡಿಯುವ ಚಕ್ರ) ಮತ್ತು ರಡ್ಡರ್ ಪೆಡಲ್‌ಗಳಿಗೆ ಹಣ ಹಾಕುವ ಸ್ಥಿತಿಯಲ್ಲಿಲ್ಲ. ಒಂದು ಗೇಮ್‌ಪ್ಯಾಡ್, ಕಾರ್ ರೇಸಿಂಗಿನ ಸ್ಟೀರಿಂಗ್ ವೀಲ್, ಅದರ ಮೂರು ಪೆಡಲ್‌ಗಳು ಹಾಗೂ ಬಿಡಿ ನಂಬರ್ ಕೀಪ್ಯಾಡ್ ನನ್ನಲ್ಲಿವೆ. ಯಾವುದನ್ನು ಯಾವ ಕೆಲಸಕ್ಕೆ ಹಚ್ಚಬೇಕು?

ಉತ್ತರ: ಕೆಲಸ ಹಂಚುವಾಗ ವಸ್ತುವಿನ ಆಕಾರಕ್ಕಿಂತ ಅದು ಕಂಪ್ಯೂಟರಿಗೆ ಕಳಿಸುವ ಸಂಕೇತವನ್ನು ನೋಡಿ. ಕೀಲಿಗೆ ಗೊತ್ತಿರುವುದು ಒತ್ತಿದ್ದು ಮತ್ತು ಬಿಟ್ಟದ್ದು ಮಾತ್ರ. ಪೆಡಲ್ ಮತ್ತು ಗೇಮ್‌ಪ್ಯಾಡಿನ ಕಡ್ಡಿಗಳಾದರೋ ಎಷ್ಟು ಸರಿದಿದ್ದೇವೆ ಎಂಬುದನ್ನೂ ಹೇಳುತ್ತವೆ. ಮೂಗನ್ನು ಎತ್ತಿ ಇಳಿಸುವ ಎಲಿವೇಟರ್, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲರಾನ್, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಮತ್ತು ಎಂಜಿನ್ನಿನ ಬಲ ಹೊಂದಿಸುವ ಥ್ರಾಟಲ್ ಈ ನಾಲ್ಕಕ್ಕೆ ಎರಡನೆಯ ಬಗೆಯ ಸಂಕೇತ, ಅಂದರೆ ಆಕ್ಸಿಸ್, ಬೇಕು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ), ಗಿಯರ್ (ನೆಲಕ್ಕಿಳಿಯುವ ಚಕ್ರಗಳು), ದೀಪಗಳು, ಆಟೋಪೈಲಟ್ ಮುಂತಾದವಕ್ಕೆ ಕೀಲಿ ಧಾರಾಳವಾಗಿ ಸಾಕು.

ಈ ಲೆಕ್ಕದಲ್ಲಿ ನಿಮ್ಮ ಸಂಗ್ರಹದ ಅತ್ಯಂತ ಬೆಲೆಬಾಳುವ ವಸ್ತು ಪೆಡಲ್‌ಗಳೇ. ನಿಜವಾದ ವಿಮಾನದಲ್ಲಿ ಎರಡು ರಡ್ಡರ್ ಪೆಡಲ್‌ಗಳು ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಬಲದ್ದು ಮುಂದೆ ಹೋದರೆ ಎಡದ್ದು ಹಿಂದೆ ಬರುತ್ತದೆ. ಕಾರಿನ ಪೆಡಲ್‌ಗಳಿಗೆ ಆ ನಂಟಿಲ್ಲ, ಪ್ರತಿಯೊಂದಕ್ಕೂ ತನ್ನದೇ ಸ್ಪ್ರಿಂಗ್ ಮತ್ತು ತನ್ನದೇ ಆಕ್ಸಿಸ್ ಇರುತ್ತದೆ. ಆದ್ದರಿಂದ ಎಡಗಾಲಿಗೆ ಕ್ಲಚ್, ಬಲಗಾಲಿಗೆ ಆಕ್ಸಿಲರೇಟರ್ ಎಂದಿಟ್ಟುಕೊಂಡು, ಎರಡನ್ನೂ ಸೇರಿಸಿ ಒಂದೇ ರಡ್ಡರ್ ಆಕ್ಸಿಸ್ ಮಾಡಿಕೊಳ್ಳಬೇಕು. ವಿಂಡೋಸಿನಲ್ಲಿ ಇದಕ್ಕೆ ವಿಜಾಯ್ ಎಂಬ, ತಂತ್ರಾಂಶದಲ್ಲಷ್ಟೇ ಇರುವ ಜಾಯ್‌ಸ್ಟಿಕ್ಕನ್ನೂ ಜಾಯ್‌ಸ್ಟಿಕ್ ಗ್ರೆಮ್ಲಿನ್ ತಂತ್ರಾಂಶವನ್ನೂ ಜೊತೆಯಾಗಿ ಬಳಸುತ್ತಾರೆ, ಎರಡೂ ಉಚಿತ. ನಡುವಿನ ಬ್ರೇಕ್ ಪೆಡಲ್ ಚಕ್ರದ ಬ್ರೇಕಾಗಿಯೇ ಉಳಿಯಲಿ. ಅದರ ಸ್ಪ್ರಿಂಗ್ ಸಾಮಾನ್ಯವಾಗಿ ಬಿಗಿಯಾಗಿರುವುದರಿಂದ ಅದನ್ನು ರಡ್ಡರಿಗೆ ಕೊಟ್ಟರೆ ಒಂದು ಕಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಲ ಹಾಕಬೇಕಾಗಿ ರನ್‌ವೇ ಮೇಲೆ ವಿಮಾನ ಓಲಾಡುತ್ತದೆ.

ಸ್ಟೀರಿಂಗ್ ವೀಲ್ ಯೋಕಿನಂತೆ ಕಂಡರೂ ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ. ಅದು ತಿರುಗುತ್ತದೆಯೇ ಹೊರತು ಹಿಂದಕ್ಕೆ ಎಳೆಯಲು ಬರುವುದಿಲ್ಲ. ಮೂಗನ್ನು ಎತ್ತಿ ಇಳಿಸುವ ಎಲಿವೇಟರ್ ಬೇರೊಂದು ಕೈಗೆ ಹೋಗುತ್ತದೆ. ಇಡೀ ವೀಲನ್ನು ಮೇಜಿನ ಡ್ರಾಯರಿನ ಹಳಿಗಳ ಮೇಲೆ ಕೂರಿಸಿ, ಹಿಂದೆ ಮುಂದೆ ಸರಿಯುವಂತೆ ಮಾಡಿದ ಉತ್ಸಾಹಿಗಳಿದ್ದಾರೆ, ಆದರೆ ಅದು ಬಡಗಿಯ ಕೆಲಸ. ಸದ್ಯಕ್ಕೆ ಗೇಮ್‌ಪ್ಯಾಡಿನ ಒಂದು ಕಡ್ಡಿಗೆ ಎಲಿವೇಟರ್ ಮತ್ತು ಐಲರಾನ್ ಎರಡನ್ನೂ ಒಪ್ಪಿಸಿ. ಆ ಕಡ್ಡಿಯ ಚಲನೆ ಬಹಳ ಚಿಕ್ಕದಾದ್ದರಿಂದ ಸಿಮ್ಯುಲೇಟರಿನ ಸೆನ್ಸಿಟಿವಿಟಿ ಪುಟದಲ್ಲಿ ನಡುವಿನ ಭಾಗ ಮಂದವಾಗಿ, ಅಂಚುಗಳು ಚುರುಕಾಗಿ ಇರುವ ವಕ್ರರೇಖೆಯನ್ನು ಆರಿಸಿಕೊಳ್ಳುವುದು ಅನಿವಾರ್ಯ. ಇಲ್ಲವಾದರೆ ಬೆರಳು ತುಸು ಅಲುಗಿದರೂ ವಿಮಾನ ಮುಗ್ಗರಿಸುತ್ತದೆ.

ಪ್ರಶ್ನೆ: ಹೆಚ್ಚುವರಿ ನಂಬರ್ ಕೀಪ್ಯಾಡನ್ನು ಆಟೋಪೈಲಟ್ ಫಲಕವನ್ನಾಗಿ ಮಾಡಲು ಹೊರಟೆ. ಅದರ ಕೀಲಿ ಒತ್ತಿದರೆ ಮುಖ್ಯ ಕೀಬೋರ್ಡಿನ ನಂಬರ್ ಕೀಲಿ ಒತ್ತಿದಂತೆಯೇ ಆಗುತ್ತಿದೆ. ಏಕೆ?

ಉತ್ತರ: ಎಷ್ಟು ಕೀಬೋರ್ಡ್ ಜೋಡಿಸಿದರೂ ವಿಂಡೋಸ್ ಸಾಮಾನ್ಯ ತಂತ್ರಾಂಶಗಳಿಗೆ ತಿಳಿಸುವುದು ಯಾವ ಕೀಲಿ ಎಂಬುದನ್ನಷ್ಟೇ, ಯಾವ ಕೀಬೋರ್ಡ್ ಎಂಬುದನ್ನಲ್ಲ. ಸಿಮ್ಯುಲೇಟರುಗಳಲ್ಲಿ ನಂಬರ್ ಕೀಲಿಗಳಿಗೆ ಮೊದಲೇ ಕೆಲಸ ಹಂಚಿರುತ್ತದೆ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರಿನಲ್ಲಿ 8 ಮತ್ತು 2 ಎಲಿವೇಟರಿಗೆ, 4 ಮತ್ತು 6 ಐಲರಾನಿಗೆ ಸೇರಿವೆ. 5 ಒತ್ತಿದರೆ ನಿಯಂತ್ರಣಗಳು ನಡುವಿಗೆ ಬರುತ್ತವೆ. ನೀವು ಆಟೋಪೈಲಟ್ ಎಂದು ಒತ್ತಿದ್ದು ಮೂಗು ಬಗ್ಗಿಸುವ ಆಜ್ಞೆಯಾಗುವುದು ಹೀಗೆ.

ಯಾವ ಸಾಧನದಿಂದ ಕೀಲಿ ಬಂತು ಎಂಬುದನ್ನು ರಾ ಇನ್‌ಪುಟ್ ಎಂಬ ವ್ಯವಸ್ಥೆಯ ಮೂಲಕ ತಿಳಿಯಬಹುದು. ಲುವಾಮ್ಯಾಕ್ರೋಸ್ ಎಂಬ ಉಚಿತ ತಂತ್ರಾಂಶ ಇದನ್ನೇ ಬಳಸಿ, ಆಯ್ದ ಕೀಪ್ಯಾಡಿನ ಕೀಲಿಗಳನ್ನು ಹಿಡಿದು ಬೇರೆ ಆಜ್ಞೆಗಳಾಗಿ ಬದಲಿಸುತ್ತದೆ. ಬದಲಿ ಕೀಲಿಗಳಾಗಿ ಎಫ್13ರಿಂದ ಎಫ್24ರವರೆಗಿನವು ಅನುಕೂಲ, ಏಕೆಂದರೆ ಸಾಮಾನ್ಯ ಕೀಬೋರ್ಡುಗಳಲ್ಲಿ ಅವು ಇರುವುದೇ ಇಲ್ಲ. ಸಿಮ್ಯುಲೇಟರ್ ಅವನ್ನು ಗುರುತಿಸದಿದ್ದರೆ ಕಂಟ್ರೋಲ್ ಮತ್ತು ಶಿಫ್ಟ್ ಸೇರಿದ ಜೋಡಣೆಗಳನ್ನು ಬಳಸಿ. ನಮ್‌ಲಾಕ್ ಕಡೆಗೂ ಒಂದು ಕಣ್ಣಿರಲಿ. ವಿಂಡೋಸಿನಲ್ಲಿ ಅದರ ಸ್ಥಿತಿ ಎಲ್ಲ ಕೀಬೋರ್ಡುಗಳಿಗೂ ಒಂದೇ, ಆರಿಹೋದರೆ ನಿಮ್ಮ 8 ಮೇಲ್ಬಾಣವಾಗಿಬಿಡುತ್ತದೆ.

ಪ್ರಶ್ನೆ: ಮನೆಯಲ್ಲಿ ಹೀಗೆ ಹಾರಿಸಿದ ಗಂಟೆಗಳು ಪೈಲಟ್ ಲೈಸೆನ್ಸಿಗೆ ಲೆಕ್ಕಕ್ಕೆ ಬರುತ್ತವೆಯೇ?

ಉತ್ತರ: ಬರುವುದಿಲ್ಲ. ವಿಮಾನಯಾನ ನಿಯಂತ್ರಣ ಸಂಸ್ಥೆ ಮಾನ್ಯ ಮಾಡಿದ ತರಬೇತಿ ಸಾಧನದಲ್ಲಿ ಕಳೆದ ಸಮಯಕ್ಕೆ ಮಾತ್ರ, ಅದೂ ಮಿತಿಯೊಳಗೆ, ಮನ್ನಣೆ ಸಿಗುತ್ತದೆ.

ಪ್ರಶ್ನೆ: 15 ಪಿನ್ನಿನ ಹಳೆಯ ಜಾಯ್‌ಸ್ಟಿಕ್ ಇದೆ. ಇಂದಿನ ಕಂಪ್ಯೂಟರಿಗೆ ಹೊಂದಿಸಲು ದಾರಿಯಿದೆಯೇ?

ಉತ್ತರ: ಇದೆ. ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಸಿಕ್ಕರೆ ಕೆಲಸ ಸುಲಭ. ಸಿಗದಿದ್ದರೆ ಆರ್ಡುಯಿನೊ (ಪ್ರೋಗ್ರಾಮ್ ಮಾಡಬಲ್ಲ ಪುಟ್ಟ ಸರ್ಕ್ಯೂಟ್ ಹಲಗೆಗಳು) ಬಳಗದ ಪ್ರೊ ಮೈಕ್ರೊ ಹಲಗೆಯನ್ನು ತೆಗೆದುಕೊಳ್ಳಿ. ಅದರ ಎಟಿಮೆಗಾ32ಯು4 ಚಿಪ್ಪಿನಲ್ಲಿ ಯುಎಸ್‌ಬಿ ಅಡಕವಾಗಿರುವುದರಿಂದ ಕಂಪ್ಯೂಟರಿಗೆ ತಾನೇ ಜಾಯ್‌ಸ್ಟಿಕ್ ಎಂದು ಪರಿಚಯಿಸಿಕೊಳ್ಳಬಲ್ಲದು.

ತಂತಿ ಜೋಡಿಸುವಾಗ ಒಂದು ವ್ಯತ್ಯಾಸ ನೆನಪಿರಲಿ. ಹಳೆಯ ಗೇಮ್ ಪೋರ್ಟ್ (ಆ 15 ಪಿನ್ನಿನ ಕಿಂಡಿ) ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಲು ಹಿಡಿಯುವ ಸಮಯದಿಂದ ಕಡ್ಡಿಯ ಸ್ಥಾನವನ್ನು ಅಳೆಯುತ್ತಿತ್ತು, ಹಾಗಾಗಿ ಸುಮಾರು 100 ಕಿಲೊಓಮಿನ ಪೊಟೆನ್ಶಿಯೊಮೀಟರಿನ (ಕಡ್ಡಿಯ ಜೊತೆ ತಿರುಗಿ ವಿದ್ಯುತ್ ರೋಧವನ್ನು ಬದಲಿಸುವ ಭಾಗ) ಮೂರು ಕಾಲುಗಳಲ್ಲಿ ಎರಡಕ್ಕೆ ಮಾತ್ರ ತಂತಿ ಬೆಸೆದಿರುತ್ತಾರೆ. ಆರ್ಡುಯಿನೊ ಅಳೆಯುವುದು ವೋಲ್ಟೇಜನ್ನು. ತುದಿಯ ಕಾಲುಗಳಲ್ಲಿ ಒಂದನ್ನು 5 ವೋಲ್ಟಿಗೆ, ಇನ್ನೊಂದನ್ನು ಗ್ರೌಂಡಿಗೆ, ನಡುವಿನದನ್ನು ಅನಲಾಗ್ ಪಿನ್ನಿಗೆ ಕೊಡಿ; ಓದು 0ಯಿಂದ 1023ರವರೆಗೆ ಬರುತ್ತದೆ. ಕಡ್ಡಿ ಮುಟ್ಟದಿದ್ದರೂ ಅಂಕಿ ಕುಣಿಯುತ್ತಿದ್ದರೆ ಪೊಟೆನ್ಶಿಯೊಮೀಟರಿನ ಒಳಪಟ್ಟಿ ಕೊಳೆಯಾಗಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಕಡ್ಡಿಯನ್ನು ಹಲವು ಬಾರಿ ತುದಿಯಿಂದ ತುದಿಗೆ ಆಡಿಸಿ. ಅದಕ್ಕೂ ಬಗ್ಗದಿದ್ದರೆ 10 ಕಿಲೊಓಮಿನ ಲೀನಿಯರ್ ಪೊಟೆನ್ಶಿಯೊಮೀಟರ್ ಹಾಕಿ. ರೇಡಿಯೊದ ಧ್ವನಿ ಗುಬ್ಬಿಯಿಂದ ಕಿತ್ತದ್ದು ಬೇಡ. ಅದರ ರೋಧ ಸಮನಾಗಿ ಏರುವುದಿಲ್ಲವಾದ್ದರಿಂದ ಕಡ್ಡಿಯ ಒಂದು ಪಕ್ಕ ಜಡವಾಗಿಯೂ ಇನ್ನೊಂದು ಪಕ್ಕ ಅತಿ ಚುರುಕಾಗಿಯೂ ವರ್ತಿಸುತ್ತದೆ.